ಒಂಟಿಗಣ್ಣಿಯ ಕಾರ್ಡು

ನನ್ನ ಮಗನಿಗೆ ಕ್ಷಯ. ಅವನೇನೋ ಮಾತ್ರೆ ನುಂಗಿ ಚೇತರಿಸಿಕೊಳ್ಳುತ್ತಿದ್ದ. ಅದೇ ಕೋಣೆಯಲ್ಲಿ ಮಲಗುವ ಮೂರು ವರ್ಷದ ಮೊಮ್ಮಗಳಿಗೆ ಕಾಯಿಲೆ ತಗಲದಿರಲೆಂದು ಮೂರು ತಿಂಗಳು ದಿನಾ ಮಾತ್ರೆ ಕೊಡಬೇಕು, ತಪ್ಪಿಸಬಾರದು, ಕೊಟ್ಟ ದಿನ ಈ ಕಾರ್ಡಿಗೆ ಗುರುತು ಹಾಕಬೇಕು ಎಂದರು ನರ್ಸಮ್ಮ. ಹೇಳುವವರಿಗೇನು! ನಮ್ಮ ಮೆಣಸಿನಕಾಯಿ ಬಾಯಿ ಬಿಡಬೇಕಲ್ಲ?

"ಒಂಟಿಗಣ್ಣಿಗೂ ಕಾರ್ಡ್ ಬರೆದ್ರೆ ಕುಡೀತೀನಿ," ಎಂದಳು. ಒಂಟಿಗಣ್ಣಿ ಅವಳ ಬಟ್ಟೆಗೊಂಬೆ.

ನರ್ಸಮ್ಮನದು ಬೆಣ್ಣೆಯಂಥ ಮನಸ್ಸು. ಬರೆದೇಬಿಟ್ಟರು: ಒಂಟಿಗಣ್ಣಿ, ಹೆಣ್ಣು, ಮೂರು ವರ್ಷ. ತೂಕ? "ನನ್ನಷ್ಟೇ!" ಅದನ್ನೂ ಬರೆದರು. ಆಟದ ಆ ಕಾರ್ಡಿನ ಪ್ರತಿ ಬೇರೆ ಕಾಗದಗಳ ಜೊತೆ ಸೇರಿ ಕಚೇರಿಗೆ ಹೋಯಿತು. ನಮ್ಮ ಮನೆಗೆ ತಿಂಗಳು ತಿಂಗಳೂ ಇಬ್ಬರು ಮಕ್ಕಳ ಮಾತ್ರೆ ಬರತೊಡಗಿತು.

ವಾಪಸ್ ಕೊಡಲು ಹೋದರೆ ಔಷಧಿ ಕೊಡುವವನು ಮೂಗು ಮುರಿದ.

"ಅಜ್ಜಿ, ಕೊಡೋಕೆ ಫಾರಂ ಇದೆ. ವಾಪಸ್ ತಗೊಳ್ಳೋಕೆ ಇಲ್ಲ."

"ಅದು ಗೊಂಬೆ ಕಣಪ್ಪಾ!"

"ಹಾಗಂತ ಕಾರ್ಡಲ್ಲಿ ಬರೆದಿಲ್ವಲ್ಲ."

ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತು! ಗೊಂಬೆಯ ಪಾಲನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದಿನಾ ಬೆಳಿಗ್ಗೆ ಎರಡು ಲೋಟ: ಒಂದರಲ್ಲಿ ಕರಗಿಸಿದ ಮಾತ್ರೆ, ಇನ್ನೊಂದರಲ್ಲಿ ಬರೀ ನೀರು. ಎರಡೂ ಕಾರ್ಡಿಗೆ ಗುರುತು. ಮುದುಕಿ ಗೊಂಬೆಯ ಬಾಯಿ ಒರೆಸುವುದನ್ನು ಕಂಡು ಮಗ ಬಿದ್ದು ಬಿದ್ದು ನಗುತ್ತಿದ್ದ. ನಗಲಿ, ಕೆಮ್ಮದೆ ನಗುತ್ತಿದ್ದನಲ್ಲ.

ಮೂರನೇ ತಿಂಗಳು ನರ್ಸಮ್ಮ ಬರಿಗೈಯಲ್ಲಿ ಬಂದರು. "ಸ್ಟಾಕ್ ಖಾಲಿ, ಅಜ್ಜಿ. ಯಾವಾಗ ಬರುತ್ತೋ ಗೊತ್ತಿಲ್ಲ."

ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ? ಆಗ ಡಬ್ಬಿಯ ನೆನಪಾಯಿತು. ನರ್ಸಮ್ಮ ಪೊಟ್ಟಣಗಳನ್ನು ತಿರುಗಿಸಿ ತಾರೀಖು ನೋಡಿದರು, ತೂಕ ಹೊಂದಿಸಿ ನೋಡಿದರು. "ಅದೇ ಮಾತ್ರೆ, ಅಷ್ಟೇ ಪ್ರಮಾಣ. ಕೊಡಿ, ಕೊಡಿ!"

ಮೆಣಸಿನಕಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು ಅವಳದ್ದು. ನಾನು ಕುಡಿದ್ರೆ ಅವಳಿಗೆ ಅಪ್ಪನ ಕೆಮ್ಮು ಬರುತ್ತೆ."

ನರ್ಸಮ್ಮ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿ ಎದೆಗೆ ಕಿವಿಯಿಟ್ಟರು.

"ಇವಳ ಎದೇಲಿ ಬರೀ ಹತ್ತಿ. ಹತ್ತಿಗೆ ಆ ಕಾಯಿಲೆ ಬರಲ್ಲ."

"ನನ್ನ ಎದೇಲಿ?"

"ನಿನ್ನ ಎದೇಲಿ ಹತ್ತಿ ಇಲ್ಲ, ಕಂದ."

ಮೆಣಸಿನಕಾಯಿ ತನ್ನ ಎದೆ ಒತ್ತಿ ನೋಡಿಕೊಂಡು ಲೋಟ ಎತ್ತಿದಳು. ಅಂದಿನಿಂದ ಒಂಟಿಗಣ್ಣಿಗೆ ಲೋಟವೂ ಇಲ್ಲ, ಗುರುತೂ ಇಲ್ಲ.

ಮೊಮ್ಮಗಳ ಕಾರ್ಡು ತುಂಬಿದ ಮರುದಿನ ಕಚೇರಿಯ ದೊಡ್ಡ ಸಾಹೇಬರು ಮನೆಗೇ ಬಂದು ಎರಡೂ ಕಾರ್ಡು ಕೇಳಿ ನೋಡಿದರು. "ಏನಮ್ಮಾ, ಒಂದು ಮಗೂಗೆ ಪೂರ್ತಿ ಕೊಟ್ಟು ಇನ್ನೊಂದಕ್ಕೆ ಅರ್ಧಕ್ಕೇ ನಿಲ್ಲಿಸಿದ್ದೀರಲ್ಲ! ಕರುಳು ಅನ್ನೋದು ಇದೆಯಾ ನಿಮಗೆ?"

ಬಾಗಿಲ ಮರೆಯಲ್ಲಿ ಮೆಣಸಿನಕಾಯಿ ಒಂಟಿಗಣ್ಣಿಯ ಕಿವಿ ಮುಚ್ಚಿ ಹಿಡಿದು ನಿಂತಿದ್ದಳು. ನಾನು ತಲೆ ತಗ್ಗಿಸಿ, "ತಪ್ಪಾಯ್ತು ಸಾಹೇಬ್ರೇ," ಎಂದೆ. ಬೈಯಲಿ ಮಹರಾಯ, ಸಂಜೆಯವರೆಗೂ ಬೈಯಲಿ. ನನ್ನ ಕೂಸಿನ ಕಾರ್ಡು ತುಂಬಿತ್ತು.