ಎಳೆದು ಕೂರಿಸಿದ ಟೈರು

ಅಗಲವಾದ ರಿಮ್ಮಿಗೆ ಸಣ್ಣ ಟೈರು ಎಳೆದು ಕೂರಿಸುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ, ಅವನು ಎದುರಿಗೆ ಸಿಕ್ಕರೆ ನಾಲ್ಕು ಮಾತು ಕೇಳಬೇಕೆಂದು ನನಗೆ ಬಹಳ ದಿನದ ಆಸೆ. ಚಿಕ್ಕ ಹುಡುಗನ ಅಂಗಿಯನ್ನು ಪೈಲ್ವಾನನಿಗೆ ತೊಡಿಸಿ ಗುಂಡಿ ಹಾಕಿದ ಹಾಗೆ ಕಾಣುತ್ತದೆ ಅದು. ಟೈರಿನ ಪಕ್ಕೆ ಓರೆಯಾಗಿ ಒಳಸರಿದು, ರಿಮ್ಮಿನ ಅಂಚು ಹಲ್ಲು ಕಿರಿದುಕೊಂಡು ಹೊರಗೆ ನಿಂತಿರುತ್ತದೆ. ನಮ್ಮ ಯಜಮಾನರು ಕಾತ್ಸುನೊರಿ ಅದನ್ನೇ ಚೆಂದ ಅನ್ನುತ್ತಾರೆ. ಮದುವೆಯಾದಾಗಿನಿಂದ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರಲ್ಲ ಈ ಮನುಷ್ಯ.

ಭಾನುವಾರ ಬಂತೆಂದರೆ ನಮ್ಮ ಬಿಳಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಐದು ಯೆನ್ ನಾಣ್ಯದ ತೂತಿಗೆ ದಾರ ಪೋಣಿಸಿ, ಚಕ್ರದ ಮೇಲಿನ ತಗಡಿನ ಅಂಚಿನಿಂದ ಇಳಿಬಿಡುತ್ತಾರೆ. ದಾರ ರಿಮ್ಮನ್ನು ಸವರಿಕೊಂಡು ನೆಟ್ಟಗೆ ಇಳಿಯಬೇಕು. ಕೂದಲೆಳೆಯಷ್ಟು ಒಳಗಿದ್ದರೂ ಅವರ ಗೆಳೆಯರ ಬಳಗದಲ್ಲಿ ಮರ್ಯಾದೆ ಇಲ್ಲ. ಕಾರು ನೆಲಕ್ಕೆ ತಾಗುವಷ್ಟು ತಗ್ಗಿಸಿರುವುದರಿಂದ ಸರಿಯಾದ ಟೈರು ಹಾಕಿದರೆ ತಗಡಿಗೆ ಉಜ್ಜುತ್ತದೆ. ಅದಕ್ಕೇ ಈ ಎಳೆದಾಟ.

"ತಿರುವಲ್ಲಿ ಟೈರು ರಿಮ್ಮಿಂದ ಕಳಚ್ಕೊಂಡ್ರೆ ಏನ್ರೀ ಗತಿ?" ಎಂದು ನಾನು ಕೇಳದ ವರ್ಷವಿಲ್ಲ.

"ಮಾಮೂಲಿಗಿಂತ ಜಾಸ್ತಿ ಗಾಳಿ ಹೊಡೀತೀವಲ್ಲ, ಅದು ಬಿಗಿಯಾಗಿ ಹಿಡ್ಕೊಂಡಿರುತ್ತೆ ಕಣೇ. ಹೋಗು, ಟೀ ಮಾಡು."

ಇವರೊಬ್ಬರೇ ಓಡಿಸಿಕೊಂಡಿದ್ದಷ್ಟು ದಿನ ಹಾಳಾಗಿ ಹೋಗಲಿ ಅಂದುಕೊಂಡು ಟೀ ಮಾಡಿದೆ. ಆದರೆ ಈ ಸಲ ಮಗಳು ಚಿಹಾಯಾಗೆ ಹದಿನೆಂಟು ತುಂಬಿ ಲೈಸೆನ್ಸ್ ಬಂತು. ಹೊಸ ಕಾರು ಕೊಳ್ಳುವ ಶಕ್ತಿ ನಮಗಿಲ್ಲ; ಬಂದರಿನ ಹತ್ತಿರದ ಗೋದಾಮಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ, ಅಲ್ಲಿಗೆ ಬಸ್ಸಿಲ್ಲ. ನನ್ನ ಮಗಳು ದಿನಾ ಆ ಟೈರುಗಳ ಮೇಲೆ ಓಡಾಡಬೇಕು ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಇವರಿಗೆ ಹೇಳಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಹಾಗಾಗಿ ಬೇರೆ ದಾರಿ ಹಿಡಿದೆ. "ಕಾರನ್ನ ಅವಳ ಹೆಸರಿಗೇ ಮಾಡ್ಸಿಬಿಡಿ, ಜವಾಬ್ದಾರಿ ಬರುತ್ತೆ" ಎಂದು ದಿನಾ ಕಿವಿ ಕಚ್ಚಿದೆ. ಹುಡುಗಿ ಬುದ್ಧಿವಂತೆ, ಕಾರು ತನ್ನದಾದರೆ ಮಾಮೂಲಿ ಚಕ್ರವನ್ನೇ ಇಟ್ಟುಕೊಳ್ಳುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಸರ್ಕಾರಿ ತಪಾಸಣೆ ಮುಗಿದ ಕೂಡಲೇ ಹೆಸರು ಬದಲಾಯಿಸಲು ಇವರು ಒಪ್ಪಿದರು.

ಈ ತಪಾಸಣೆಯದ್ದೂ ಒಂದು ದೊಡ್ಡ ನಾಟಕ. ಇವರ ಬಳಗದಲ್ಲಿ ಎಲ್ಲರಿಗೂ ಸೇರಿ ನಾಲ್ಕೇ ನಾಲ್ಕು ಮಾಮೂಲಿ ಚಕ್ರಗಳಿವೆ, ಮಿಜೊಗುಚಿ ಎಂಬ ಗೆಳೆಯನ ಶೆಡ್ಡಿನಲ್ಲಿ. ಯಾರ ಕಾರಿನ ಸರದಿ ಬಂದರೂ ಆ ಚಕ್ರಗಳನ್ನು ತಂದು, ಕಾರನ್ನು ಎತ್ತರಿಸಿ, ನೆಂಟರ ಮುಂದೆ ಮಕ್ಕಳು ಕೂತ ಹಾಗೆ ತೆಪ್ಪಗೆ ತಪಾಸಣೆಗೆ ನಿಲ್ಲಿಸುತ್ತಾರೆ. ಪಾಸಾದ ಮೇಲೆ ಮತ್ತೆ ಬಿಚ್ಚಿ ಹಳೇ ಕುಣಿತ. ನಮ್ಮ ಕಾರೂ ಪಾಸಾಯಿತು. ಇವರು ಗಾಜಿನ ಮೇಲಿನ ಹೊಸ ಚೀಟಿ ತೋರಿಸಿ, "ನೋಡೇ, ಸರ್ಕಾರವೇ ಒಪ್ಪಿದೆ" ಅಂದರು.

"ಸರ್ಕಾರ ಒಪ್ಪಿದ್ದು ಮಿಜೊಗುಚಿ ಶೆಡ್ಡಿನ ಚಕ್ರಾನ, ನಿಮ್ಮದನ್ನಲ್ಲ."

"ನಿನ್ನ ಬಾಯಿಗೆ ಹೆದರಿ ಪಾಸು ಮಾಡಿದ್ರು ಅಂದ್ಕೋ" ಎಂದು ನಕ್ಕರು.

ಆ ಚಕ್ರಗಳಿದ್ದ ಕೆಲವು ದಿನ ಎಷ್ಟು ನೆಮ್ಮದಿಯಾಗಿತ್ತು. ಹೊಸ ಚಾಲಕರ ಎಲೆಗುರುತನ್ನು ಬಾನೆಟ್ಟಿಗೆ ಅಂಟಿಸಿ ಚಿಹಾಯಾ ನನ್ನನ್ನು ಊಟದ ಡಬ್ಬಿ ತಯಾರಿಸುವ ಅಡುಗೆಮನೆಗೆ, ನನ್ನ ಕೆಲಸಕ್ಕೆ, ಬಿಟ್ಟು ಬರುತ್ತಿದ್ದಳು. ಬೆನ್ನು ಉಳುಕದೆ ಆ ಕಾರಿನಿಂದ ನಾನು ಇಳಿದದ್ದು ಅದೇ ಮೊದಲು.

ಹೆಸರು ಬದಲಾದ ವಾರವೇ ಮಿಜೊಗುಚಿ ವ್ಯಾನು ತಂದು ಬಾಗಿಲಲ್ಲಿ ನಿಂತ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಚಕ್ರ ಬೇಕಿತ್ತು, ಈಗ ನನ್ನ ಕಾರಿನ ಸರದಿ."

"ತಗೊಂಡ್ಹೋಗು. ನನ್ನ ಮಗಳು ಬೇರೆ ಮಾಮೂಲಿ ಚಕ್ರ ಹಾಕಿಸ್ಕೋತಾಳೆ" ಎಂದೆ ಗತ್ತಿನಿಂದ.

ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಅಪ್ಪ ಮಗಳು ಇಬ್ಬರೂ ಕಾರಿನ ಪಕ್ಕ ಕುಕ್ಕರಗಾಲಲ್ಲಿ. ಕಾರು ಮತ್ತೆ ತಗ್ಗಿದೆ, ಹಳೇ ಚಕ್ರಗಳೇ ಮರಳಿ ಕೂತಿವೆ. ದಾರ ಹಿಡಿದಿರುವುದು ಮಗಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನೇ ಇದು? ನಿಂಗೂ ತಲೆ ಕೆಟ್ಟಿದ್ಯಾ?"

"ಮಾಮೂಲಿ ಚಕ್ರ ಹಾಕಿದ್ರೆ ಕಾರು ಅಜ್ಜಿ ಥರ ಕಾಣುತ್ತಮ್ಮ" ಅಂದಳು. "ಮತ್ತೆ, ಈಗ ಇದು ನನ್ನ ಕಾರು. ನೀನೇ ತಾನೆ ಮಾಡಿಸ್ಕೊಟ್ಟಿದ್ದು?"

ಇವರು ಬೇರೆ ಕಡೆ ಮುಖ ಮಾಡಿಕೊಂಡು ನಗು ನುಂಗಿದರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗಾಯಿತು ನನ್ನ ಪಾಡು.

ಆ ಭಾನುವಾರ ಬಂದರಿನ ದೊಡ್ಡ ಮೈದಾನದಲ್ಲಿ ಇಂಥ ಕಾರುಗಳವರೆಲ್ಲ ಸೇರುವುದಿತ್ತು. ಚಿಹಾಯಾ ತನ್ನ ಹೆಸರಿನ ಕಾರು ಹೊರಡಿಸಿದಳು. ಇವರು ಮಿಜೊಗುಚಿಯ ಕಾರಿನಲ್ಲಿ ಕೂತು, ಮಗಳ ಕಾರು ಹಿಂದಿನಿಂದ ಹೇಗೆ ಕಾಣುತ್ತದೆಂದು ನೋಡಿಕೊಂಡು ಬರುತ್ತಾರಂತೆ. ನಾನೂ ಹೋಗಿ ಅವಳ ಪಕ್ಕ ಕೂತೆ. ನಾನು ಕೂತರೆ ಟೈರು ಗಟ್ಟಿಯಾಗುತ್ತದೆಯೇ? ಇಲ್ಲ, ಗೊತ್ತು. ಆದರೂ ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ.

"ಇವತ್ತು ಅಷ್ಟೇನೂ ಕುಲುಕ್ತಿಲ್ವಲ್ಲೇ" ಎಂದೆ ಸ್ವಲ್ಪ ದೂರ ಹೋದ ಮೇಲೆ.

ಅವಳು ಹಿಗ್ಗಿದಳು. "ಗೊತ್ತಾಯ್ತಾ? ನಿನ್ನ ಬೆನ್ನು ನೋವು ಅಂತ ಬೆಳಿಗ್ಗೆ ನಾಲ್ಕೂ ಟೈರಿನ ಗಾಳಿ ಇಳಿಸ್ದೆ. ಅಪ್ಪಂಗೆ ಹೇಳ್ಬೇಡ."

ನನಗೆ ಆ ಕ್ಷಣಕ್ಕೆ ಮಗಳ ಮೇಲೆ ಪ್ರೀತಿ ಉಕ್ಕಿತು. ಮರುಕ್ಷಣ, ಜಾಸ್ತಿ ಗಾಳಿ ಇದ್ದರೇ ಟೈರು ಹಿಡಿದುಕೊಂಡಿರುವುದು ಎಂದು ಇವರು ವರ್ಷವರ್ಷವೂ ಹೇಳಿದ ಮಾತು ತಲೆಗೆ ಬಂತು. "ನಿಲ್ಲಿಸು, ಕಾರು ನಿಲ್ಲಿಸೇ" ಎನ್ನುವಷ್ಟರಲ್ಲಿ ರೈಲ್ವೆ ಗೇಟು ದಾಟಿ ಕೋಸಿನ ಹೊಲಗಳ ತಿರುವಿಗೆ ಬಂದಿದ್ದೆವು.

ಹಿಂದೆ ಢಬ್ಬೆಂದಿತು. ಕಾರಿನ ಬೆನ್ನು ಒಂದು ಕಡೆಗೆ ಕುಸಿದು, ಕಬ್ಬಿಣ ರಸ್ತೆಗೆ ಉಜ್ಜುವ ಸದ್ದು ಹಲ್ಲು ಜುಮ್ಮೆನ್ನುವಂತೆ ಬಂತು. ಎದುರಿಗೆ ಲಾರಿ. ಅದರ ಚಾಲಕನ ತೆರೆದ ಬಾಯಿ ಕಂಡಿತು ನನಗೆ. ಅವನು ಅತ್ತ ತಿರುಗಿಸಿದ, ನಾವು ಇತ್ತ ಜಾರಿದೆವು. ನಡುವೆ ಒಂದು ಕೈ ಹಿಡಿಯುವಷ್ಟು ಜಾಗವಿತ್ತೋ ಇಲ್ಲವೋ. ಕಾರು ಅಡ್ಡಡ್ಡವಾಗಿ ಹೋಗಿ ಕೋಸಿನ ಹೊಲದಲ್ಲಿ ಮೂಗು ಊರಿ ನಿಂತಿತು. ನನ್ನ ಹಣೆ ಪಕ್ಕದ ಗಾಜಿಗೆ ಬಡಿದಿತ್ತು. ಚಿಹಾಯಾ ಸ್ಟೇರಿಂಗನ್ನು ಬಿಡದೆ ಹಿಡಿದುಕೊಂಡೇ ಇದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಇವರು ಹೊಲದಲ್ಲಿ ಎಡವಿಕೊಂಡು ಓಡಿ ಬಂದರು. ಇವರು ಮೊದಲು ರಿಮ್ಮು ನೋಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಸುಳ್ಳು ಹೇಳಬಾರದು, ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಮಗಳನ್ನು ಹೊರಗೆಳೆದು ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದರು. ನನ್ನ ಹಣೆಯ ಬುಗುಟನ್ನು ಅಂಗೈಯಿಂದ ಒತ್ತಿ ಹಿಡಿದರು. ಲಾರಿ ನಮ್ಮನ್ನು ಸವರಿಕೊಂಡು ಹೋದದ್ದನ್ನು ಹಿಂದಿನ ಕಾರಿನಿಂದ ಪೂರ್ತಿ ಕಂಡವರು ಇವರೇ.

"ಸಾಕು" ಅಂದರು. "ಇವತ್ತೇ ಈ ಚಕ್ರಗಳನ್ನ ಬಿಸಾಕ್ತೀನಿ. ಮಾಮೂಲಿ ಟೈರು ಹಾಕೋಣ, ಕಾರು ಎತ್ತರಿಸೋಣ. ನಿಮ್ಮಮ್ಮ ಹೇಳಿದ್ದೇ ಸರಿ."

ಇಷ್ಟು ವರ್ಷ ಈ ಮಾತಿಗಾಗಿ ಕಾದಿದ್ದೆ. ಕೋಸಿನ ಹೊಲದಲ್ಲಿ, ಬೀಗಿದ ಹಣೆ ಹಿಡಿದುಕೊಂಡು, ಕೊನೆಗೂ ಕೇಳಿದೆ.

ಚಿಹಾಯಾ ಕಣ್ಣೊರೆಸಿಕೊಂಡು ಹಿಂದಿನ ಚಕ್ರದ ಹತ್ತಿರ ಹೋಗಿ ಕೂತಳು. ಟೈರು ರಿಮ್ಮಿನಿಂದ ಜಾರಿ ಒಳಗೆ ಜೋತುಬಿದ್ದಿತ್ತು. ರಿಮ್ಮಿನ ಅಂಚಿನ ಮೇಲೆ ಬೆರಳಾಡಿಸಿದಳು.

"ಟೈರಿನ ತಪ್ಪೇನಿದೆ ಅಪ್ಪ? ಗಾಳಿ ಇಳಿಸಿದ್ದು ನಾನು. ಅಮ್ಮನ ಬೆನ್ನಿಗೆ ಅಂತ ಇಳಿಸ್ದೆ. ಬಿಗಿಯಾಗಿದ್ದಿದ್ರೆ ಏನೂ ಆಗ್ತಿರ್ಲಿಲ್ಲ, ನೀವೇ ಹೇಳ್ತೀರಲ್ಲ."

"ಮಗಾ, ನಾನು ಹೇಳಿದ್ದು..."

"ಚಕ್ರ ಬದಲಾಯಿಸಲ್ಲ. ಇನ್ಮೇಲೆ ಅಮ್ಮನ್ನ ಕೂರಿಸ್ಕೊಳ್ಳಲ್ಲ, ಅಷ್ಟೆ. ಅವಳಿಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

"ನಿಂಗೇನಾದ್ರೂ ಆದ್ರೆ ನಾವೇನ್ ಮಾಡ್ಬೇಕೇ?" ಎಂದು ಕೇಳಿದೆ.

"ನಂಗೇನಾಗುತ್ತಮ್ಮ?" ಅಂದಳು, ಮುಖಕ್ಕೆ ಮಣ್ಣು ಮೆತ್ತಿಕೊಂಡು. ಆಮೇಲೆ ಮಿಜೊಗುಚಿಯ ಕಡೆ ತಿರುಗಿ ಪಂಪು ಇದೆಯಾ ಎಂದು ವಿಚಾರಿಸಿದಳು. ಅವನು ಇವರ ಮುಖ ನೋಡಿದ, ಇವರು ನನ್ನ ಮುಖ ನೋಡಿದರು.

ಹೊಲದ ಅಂಚಿನಲ್ಲಿ ನನ್ನ ಪಕ್ಕ ಬಂದು ಕುಸಿದು ಕೂತರು ಇವರು. "ನೀನಾದ್ರೂ ಹೇಳೇ ಅವಳಿಗೆ" ಅಂದರು. ನಾವಿಬ್ಬರೂ ಅಲ್ಲೇ ಕೂತು ಅವಳು ಆ ಟೈರನ್ನು ಎತ್ತಿ ಎತ್ತಿ ರಿಮ್ಮಿಗೆ ಎಳೆಯುವುದನ್ನು ನೋಡುತ್ತಿದ್ದೆವು.