ಎರಡನೆಯ ಬೀಡಿಯ ನೀರು

ಲಕ್ಕಯ್ಯ ಎರಡನೆಯ ಬೀಡಿ ಹಚ್ಚಿದ. ಹಚ್ಚಬಾರದಿತ್ತು.

ಗುಡ್ಡದ ತೊಟ್ಟಿಯಿಂದ ಕೆಳಗಿನ ಕೇರಿಗೆ ಬಿಡುವ ನೀರು ಒಂದು ಬೀಡಿಯದು, ಮೇಲಿನ ಬೀದಿಗೆ ಎರಡು ಬೀಡಿಯದು. ಹಾಗೆಂದು ಯಾವ ಕಾನೂನೂ ಹೇಳಿರಲಿಲ್ಲ. ಚಿಕ್ಕಮಗಳೂರಿಗೆ ನಲ್ಲಿ ಬಂದ ಕಾಲದ ನೀರುಗಂಟಿಯ ಹತ್ತಿರ ಗಡಿಯಾರವಿರಲಿಲ್ಲ, ಬೀಡಿ ಇತ್ತು. ಅದು ಉರಿದು ಬೆರಳಿಗೆ ಬಿಸಿ ತಾಗುವ ತನಕ ಒಂದು ಬೀದಿ, ಆಮೇಲೆ ಇನ್ನೊಂದು. ದೊಡ್ಡವರ ಬೀದಿಗೆ ದೊಡ್ಡ ಪಾಲು ಅನ್ನುವುದನ್ನು ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಅವನು ಸತ್ತಾಗ ಸೊಂಟದೆತ್ತರದ ಕಬ್ಬಿಣದ ಚಾವಿಯೂ ಆ ಲೆಕ್ಕವೂ ಒಟ್ಟಿಗೇ ಲಕ್ಕಯ್ಯನ ಕೈಗೆ ಬಂದವು.

ಇವತ್ತು ಆ ಕೈ ಮಾತು ಕೇಳಲಿಲ್ಲ. ನಿನ್ನೆ ಸಂಜೆ ಓಟು ಎಣಿಸಿದಾಗ ಕೆಳಗಿನ ಕೇರಿಯಿಂದ ಪುರಸಭೆಗೆ ಗೆದ್ದವನು ಅವನೇ. ಗಾಡಿ ಹೊಡೆಯುವವರು, ಕಮ್ಮಾರರು, ಕಾಫಿ ಮೂಟೆ ಹೊರುವ ಮೇಸ್ತ್ರಿಗಳು, ಹೊಟ್ಟೆ ಕಟ್ಟಿ ಮನೆಗಂದಾಯ ಕಟ್ಟಿ ಓಟಿನ ಹಕ್ಕು ಉಳಿಸಿಕೊಂಡವರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಅವರ ಬೆವರು ಇನ್ನೂ ಅಂಗಿಯಲ್ಲಿ ನಾರುತ್ತಿತ್ತು. ಕೇರಿಯಲ್ಲಿ ಮನೆ ಎರಡರಷ್ಟು, ನೀರು ಅರ್ಧದಷ್ಟು. ಇಷ್ಟು ವರ್ಷ ಮೇಲಿನವರು ಸೇದಿದರು, ಒಂದು ದಿನ ನಮ್ಮವರೂ ಸೇದಲಿ ಅಂದುಕೊಂಡು ಅವನು ಹೊಗೆ ಎಳೆದ.

ಆದರೆ ಆ ವರ್ಷ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಕಾಫಿ ಗಿಡದಲ್ಲಿ ಮೊಗ್ಗು ಬಾಯಿ ಮುಚ್ಚಿ ಕಾಯುತ್ತಿತ್ತು, ಬಾವಿಗಳು ತಳ ಕಂಡಿದ್ದವು. ಲಕ್ಕಯ್ಯ ಕೇರಿಯ ಕೊಳವೆ ಮುಚ್ಚಿ ಮೇಲಿನ ಬೀದಿಯದಕ್ಕೆ ಚಾವಿ ಹಾಕಿ ತಿರುಗಿಸಿದಾಗ ತೊಟ್ಟಿ ಒಂದು ಸಲ ಗೊಳಕ್ ಎಂದು ಸುಮ್ಮನಾಯಿತು. ಒಂದು ದಿನ ತಾನೇ, ಸಾಯೋದಿಲ್ಲ ಯಾರೂ, ಅಂದುಕೊಂಡು ಚಾವಿ ಹೆಗಲಿಗೇರಿಸಿ ಇಳಿದ.

ಮೇಲಿನ ಬೀದಿಯಲ್ಲಿ ಜವಳಿ ಅಂಗಡಿ ಗುರುವಯ್ಯನವರ ಮನೆ ಮುಂದೆ ಜನ ಸೇರಿತ್ತು. ಗುರುವಯ್ಯ ಬೆಳಗಿನ ಜಾವ ತೀರಿಕೊಂಡಿದ್ದರು. ಅಂಗಳದ ಹಲಗೆಯ ಮೇಲೆ ಹೆಣ, ಪಕ್ಕದಲ್ಲಿ ಒಲೆ ಉರಿಯುತ್ತಿತ್ತು, ಒಲೆಯ ಮೇಲೆ ಖಾಲಿ ಹಂಡೆ. ಮೈ ತೊಳೆಯಲು ಬೀದಿಯಲ್ಲಿ ಒಂದು ಕೊಡ ನೀರಿರಲಿಲ್ಲ. ಚಾವಿ ಕಂಡು ಜನ ದಾರಿ ಬಿಟ್ಟರು. ಗುರುವಯ್ಯನವರ ಹೆಂಡತಿ ಶಿವಗಂಗಮ್ಮ ತಲೆ ಎತ್ತಿದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀರು ಯಾಕೆ ಬರ್ಲಿಲ್ಲ ಅಂತ ನಾನು ಕೇಳೋದಿಲ್ಲಪ್ಪ," ಎಂದರು. "ಯಾರನ್ನ ಕೇಳ್ಬೇಕು, ಅದೊಂದು ಹೇಳು. ನೀರು ಬಿಡೋನೂ ನೀನೇ. ಬಿಡ್ಲಿಲ್ಲ ಅಂತ ದೂರು ಹೇಳೋಣ ಅಂದ್ರೆ ಇವತ್ತಿಂದ ಮೆಂಬರೂ ನೀನೇ ಅಂತೆ."

ಲಕ್ಕಯ್ಯ ಚಾವಿಯನ್ನು ಜಗುಲಿಗೆ ಒರಗಿಸಿದ. ಕೇರಿಗೆ ಓಡಿದ. ಅಲ್ಲಿ ಹಬ್ಬ. ಕೊಡ, ಮರಿಗೆ, ಒರಳಿನ ಗುಂಡಿ ಸಮೇತ ತುಂಬಿ ತುಳುಕುತ್ತಿದ್ದವು, ಮಕ್ಕಳು ಚರಂಡಿಗೆ ಹರಿದ ನೀರಲ್ಲಿ ಎಲೆ ಬಿಡುತ್ತಿದ್ದವು. ಅವನು ತುಂಬಿದ ಎರಡು ಕೊಡ ಎತ್ತಿಕೊಂಡು ಮೇಲಿನ ಬೀದಿಗೆ ಹತ್ತಿದ, ಮತ್ತೆ ಇಳಿದ, ಮತ್ತೆ ಹತ್ತಿದ. ಹಂಡೆ ತುಂಬಿತು. ಬೇರೆ ದಿನವಾಗಿದ್ದರೆ ಅದು ಯಾರ ಮನೆಯ ಕೊಡ ಎಂದು ಆ ಬೀದಿಯವರು ಹತ್ತು ಸಲ ಕೇಳುತ್ತಿದ್ದರು. ಅವತ್ತು ಕೇಳಲಿಲ್ಲ.

ಮರುದಿನ ಪುರಸಭೆಯಿಂದ ಕರೆ ಬಂತು. ಅಧ್ಯಕ್ಷ ಷಡಕ್ಷರಿಯವರು ಕಾಫಿ ಬೀಜ ಹದಮಾಡುವ ಕ್ಯೂರಿಂಗು ಇಟ್ಟವರು, ಮಾತಿನಲ್ಲಿ ಬೆಣ್ಣೆ. ಗುಮಾಸ್ತ ಎದ್ದು ನಿಂತು ಸರ್ಕಾರದ ನಿಯಮ ಓದಿದ. ಪುರಸಭೆಯ ಸಂಬಳ ತಿನ್ನುವವನು ಪುರಸಭೆಯ ಕುರ್ಚಿಯಲ್ಲಿ ಕೂರುವಂತಿಲ್ಲ, ಪ್ರಮಾಣ ಮಾಡುವ ಮೊದಲು ಎರಡರಲ್ಲಿ ಒಂದು ಬಿಡಬೇಕು ಎಂಬುದು ಅದರ ಸಾರ. ಅಧ್ಯಕ್ಷರು ಗುಮಾಸ್ತನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಲಕ್ಕಯ್ಯನಿಗೆ ಕೂರಲು ಹೇಳಿದರು. ಅವರ ಎದುರು ಅವನು ಕೂತದ್ದು ಅದೇ ಮೊದಲು. ಜಾವಳಿ ಊರಿನಲ್ಲಿರುವ ಅವನ ಭಾವಮೈದುನನ ಹೆಸರಿಗೆ ಕೆಲಸ ಬರೆಸೋಣ, ಚಾವಿ ಲಕ್ಕಯ್ಯನ ಕೈಯಲ್ಲೇ ಇರಲಿ, ಕೆಲಸದ ಜೊತೆ ಬಂದ ಗುಡ್ಡದ ಬುಡದ ಮನೆಯೂ ಉಳಿಯುತ್ತದೆ ಎಂದು ತಿಳಿಸಿ ಹೇಳಿದರು. ಬದಲಿಗೆ ತಮ್ಮ ಕ್ಯೂರಿಂಗಿನ ಅಂಗಳಕ್ಕೆ ಒಂದು ಕೊಳವೆ ಎಳೆಸುವ ಮಾತು ಸಭೆಗೆ ಬಂದಾಗ ಅವನು ಕೈ ಎತ್ತಿದರೆ ಸಾಕು.

"ಚಾವಿ ಯಾರ ಮನೇಲಿದೆ ಅಂತ ಕಾನೂನು ಬಂದು ನೋಡತ್ತಾ ಲಕ್ಕಯ್ಯ?" ಎಂದು ಅವರು ನಕ್ಕರು.

ಅವನೂ ನಕ್ಕ. ನಕ್ಕದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಸಿಟ್ಟು ಅಧ್ಯಕ್ಷರ ಮೇಲೆ ಬಂತು, ಸತ್ತ ಹಳೆಯ ನೀರುಗಂಟಿಯ ಮೇಲೆ ಬಂತು, ಕಡೆಗೆ ತನ್ನ ಕೈಯ ಮೇಲೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ದೇವರೂ ತಾನೇ, ಪೂಜಾರಿಯೂ ತಾನೇ ಆದರೆ ಭಕ್ತ ಯಾವ ಬಾಗಿಲು ತಟ್ಟಬೇಕು?

ಚಾವಿ ಬಿಡುತ್ತೇನೆ, ಕುರ್ಚಿ ಇಟ್ಟುಕೊಳ್ಳುತ್ತೇನೆ ಎಂದು ಅವನು ಹೇಳಿದ್ದನ್ನು ಕೇಳಿ ಹೆಂಡತಿ ಹುಚ್ಚಮ್ಮ ಗೋಡೆಯ ಮೇಲೆ ಕೈಯಾಡಿಸಿದಳು. ಆ ಮನೆಗೆ ಸುಣ್ಣ ಬಳಿದದ್ದು ಅವಳು, ಹಿತ್ತಲಿಗೆ ಬೇಲಿ ಕಟ್ಟಿದ್ದು ಅವಳು. ನಿನ್ನ ಕುರ್ಚಿ ಬೇಯಿಸಿ ಉಣ್ಣೋಕಾಗತ್ತಾ ಎಂದು ಕೇಳಿದಳು. ಕೇಳುತ್ತಲೇ ಅಟ್ಟದಿಂದ ಪಾತ್ರೆ ಇಳಿಸಿ ಗೋಣಿಗೆ ತುಂಬತೊಡಗಿದಳು. ಕೇರಿಯಲ್ಲಿ ಅವಳ ಅಣ್ಣನ ಮನೆಯ ಹಿಂದಿನ ಕೋಣೆ ಖಾಲಿ ಇತ್ತು.

ಸುದ್ದಿ ಕೇರಿಗೆ ಅವರಿಗಿಂತ ಮೊದಲೇ ಹೋಗಿತ್ತು. ಹೆಗಲ ಮೇಲೆ ಹೊತ್ತವರು ಮುಖ ತಿರುಗಿಸಿದರು. ನಲ್ಲಿಕಟ್ಟೆಯ ಗಿಡ್ಡಮ್ಮ ಮಾತ್ರ ನೇರವಾಗಿಯೇ ಹೇಳಿದಳು. "ನಮ್ಮ ಗಂಡಸ್ರು ಓಟು ಹಾಕಿದ್ದು ನಿನ್ನ ಮೋರೆ ನೋಡಿ ಅಲ್ಲ ಮಾರಾಯ. ಆ ಚಾವಿ ನೋಡಿ. ಅದನ್ನೂ ಕೊಟ್ಟು ಬಂದ್ರೆ ನಿನ್ನ ಇಟ್ಕಂಡು ಎಂತ ಮಾಡೋದು ನಾವು?"

ಪ್ರಮಾಣದ ದಿನ ಲಕ್ಕಯ್ಯ ಒಗೆದ ಅಂಗಿ ತೊಟ್ಟು ಸಭೆಗೆ ಹೋದ. ಆ ಕೋಣೆಗೆ ಅವನು ಹಿಂದೆಯೂ ಹೋಗಿದ್ದ, ಮೂಲೆಯ ಹೂಜಿಗೆ ನೀರು ತುಂಬಲು. ಆಗ ನೆಲ ಮಾತ್ರ ಕಂಡಿತ್ತು. ಈಗ ಮಹಾರಾಜರ ಪಟ ಕಂಡಿತು, ಎತ್ತರದ ಹಂಚಿನ ಮಾಡು ಕಂಡಿತು, ಹಸಿರು ಬಟ್ಟೆ ಹಾಸಿದ ಮೇಜು ಕಂಡಿತು. ಇಷ್ಟು ಎತ್ತರದ ಮಾಡಿನ ಕೆಳಗೆ ತನ್ನ ಮಾತು ಎಲ್ಲಿಗೆ ಮುಟ್ಟೀತು ಅನ್ನಿಸಿತು. ಹೆಗಲ ಮೇಲಿದ್ದ ಚಾವಿಯನ್ನು ಇಳಿಸಿ ಮೇಜಿನ ಮೇಲೆ ಅಡ್ಡಲಾಗಿ ಇಟ್ಟ. ಮೇಜು ನರಳಿತು. ಷಡಕ್ಷರಿಯವರ ಮುಖದ ಬೆಣ್ಣೆ ಅಲ್ಲೇ ಹೆಪ್ಪುಗಟ್ಟಿತು.

ಅವತ್ತೇ ಹೊಸ ನೀರುಗಂಟಿಯಾಗಿ ಬಣಕಲ್ಲಿನ ನಸರುಲ್ಲಾ ಬಂದ. ಮೇಲಿನ ಬೀದಿಯಲ್ಲೂ ಕೆಳಗಿನ ಕೇರಿಯಲ್ಲೂ ಅವನಿಗೆ ನಂಟರಿಲ್ಲ. ಚಾವಿ ಎತ್ತಿಕೊಂಡವನು ಬಾಗಿಲಲ್ಲಿ ಲಕ್ಕಯ್ಯನನ್ನು ಹಿಡಿದು ನಿಲ್ಲಿಸಿದ.

"ನಾನು ಬೀಡಿ ಸೇದೋದಿಲ್ಲ ಲಕ್ಕಯ್ಯನೋರೆ. ಯಾವ ಬೀದಿಗೆ ಎಷ್ಟು ಹೊತ್ತು ಬಿಡ್ಲಿ?"

ಕೇರಿಗೆ ಎರಡು ಪಾಲು ಎಂಬ ಮಾತು ಲಕ್ಕಯ್ಯನ ತುಟಿಯ ತನಕ ಬಂತು. ಇಡೀ ಕೇರಿ ಆ ಒಂದು ಮಾತಿಗಾಗಿ ಓಟು ಹಾಕಿತ್ತು. ಅದನ್ನು ನುಂಗಿ, "ನನ್ನ ಕೇಳ್ಬೇಡ ಮಾರಾಯ. ಬಾ ಒಳಗೆ, ಸಭೇಲಿ ಎಲ್ಲರೂ ಇದ್ದಾಗ ಕೇಳು. ನಾನೂ ಅಲ್ಲೇ ಕೇಳ್ತೀನಿ," ಎಂದ.

ಒಳಗೆ ಅವನು ಕೇಳಿದ. ಹೊರಟ ಧ್ವನಿ ನಿಲ್ಲಲಿಲ್ಲ. ಎರಡು ಬೀಡಿ, ಒಂದು ಬೀಡಿ ಅನ್ನುವ ಮಾತು ಮೊದಲ ಸಲ ಆ ಮಾಡಿಗೆ ತಾಗಿತು. ಎರಡೂ ಕಡೆಗೆ ಒಂದೇ ಗಡಿಯಾರ ಎಂಬುದಕ್ಕೆ ಯಾರು ಕೈ ಎತ್ತುತ್ತಾರೆ, ಯಾರು ಎತ್ತುವುದಿಲ್ಲ ಎಂಬುದು ಮುಂದಿನ ಸಭೆಗೆ ಹೋಯಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಲಕ್ಕಯ್ಯ ಕೊಡ ಹಿಡಿದು ಕೇರಿಯ ನಲ್ಲಿಕಟ್ಟೆಗೆ ಬಂದ. ಅಭ್ಯಾಸದ ಬೀಡಿ ಕಿವಿಯ ಸಂದಿಯಲ್ಲಿತ್ತು. ಹೆಂಗಸರು ಅವನನ್ನು ನೋಡಿ ಮುಸಿಮುಸಿ ನಕ್ಕರು.

"ಹಿಂದೆ ನಿಲ್ಲು ಮೆಂಬರೆ, ಮುಂದಿನ ಸರದಿ ನಂದು," ಎಂದಳು ಗಿಡ್ಡಮ್ಮ.

ಅವನು ಹಿಂದೆ ನಿಂತ. ಆಗ ನಲ್ಲಿಯೊಳಗಿಂದ ಏನೋ ಬಂತು. ನೀರಲ್ಲ, ಉಸಿರು. ದೂರದಿಂದ ಓಡಿ ಬಂದ ದನದ ಹಾಗೆ ನಲ್ಲಿ ಬುಸ್ಸೆಂದು ಉಸಿರು ಬಿಟ್ಟಿತು, ನಡುಗಿತು, ಕೆಮ್ಮಿತು. ಮಾತಾಡುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ನಲ್ಲಿಯತ್ತ ತಿರುಗಿದರು. ಇಷ್ಟು ವರ್ಷ ನೀರು ಬಿಟ್ಟವನು ಲಕ್ಕಯ್ಯ. ನೀರು ಬರುವುದನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಬರುವ ಹೊತ್ತಿಗೆ ಯಾವಾಗಲೂ ಗುಡ್ಡದ ಮೇಲಿರುತ್ತಿದ್ದ.

ಮೊದಲು ಕೆಂಪು ಹನಿ, ಆಮೇಲೆ ನೂಲು, ಆಮೇಲೆ ಬೆಳ್ಳನೆಯ ಧಾರೆ. ಗಿಡ್ಡಮ್ಮ ಕೊಡ ಒಡ್ಡುವ ಮೊದಲು ಒಂದು ಬೊಗಸೆ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಹಿಂದಿನವಳೂ ಹಾಗೇ ಮಾಡಿದಳು. ಅವನ ಸರದಿ ಬಂದಾಗ ಲಕ್ಕಯ್ಯ ಕೊಡವನ್ನು ಕಲ್ಲಿನ ಮೇಲೇ ಮರೆತು, ಬಗ್ಗಿ, ಎರಡೂ ಕೈ ಒಡ್ಡಿದ. ಕಿವಿಯಲ್ಲಿದ್ದ ಬೀಡಿ ಜಾರಿ ನೀರಿಗೆ ಬಿತ್ತು, ಚರಂಡಿಯತ್ತ ತೇಲಿಹೋಯಿತು.