ಬಿಗಿ ಕೈಯ ಹೊದಿಕೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಮಾಡಿ ಮಡಚುವುದು ನನ್ನ ಕೆಲಸ. ಇವತ್ತು ಮಡಚಿದ್ದು ನಾಳೆ ಕೊಳೆಯಾಗಿ ಮತ್ತೆ ನನ್ನ ಮುಂದೆಯೇ ಬಂದು ಬೀಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಮುಗಿಯಿತಪ್ಪ ಅನ್ನುವ ಕೆಲಸ ಅಲ್ಲಿ ಒಂದೂ ಇಲ್ಲ. ಅದಕ್ಕೇ ಊಟದ ಬಿಡುವಿನಲ್ಲಿ ಕ್ರೋಶಾ ಕಡ್ಡಿ ಹಿಡಿಯುತ್ತೇನೆ. ಉಲ್ಲನ್ನಿನ ಒಂದು ಚೌಕ ಹೆಣೆದರೆ ಅದು ಹೆಣೆದ ಹಾಗೇ ಇರುತ್ತದೆ. ಆ ಸುಖ ಏನೆಂದು ದಿನವೆಲ್ಲ ನಿಂತು ಕಾಲು ಬಿದ್ದುಹೋದವರಿಗೇ ಗೊತ್ತು.

ಈ ಸಲ ಹೆಣೆಯುತ್ತಿದ್ದುದು ಎರಡು ತಿಂಗಳ ಮೊಮ್ಮಗನಿಗೆ ಹೊದಿಕೆ. ಶುರು ಮಾಡಿದ್ದು ನಮ್ಮತ್ತೆ. ಮನೆತನದಲ್ಲಿ ಯಾರಿಗೆ ಮಗು ಹುಟ್ಟಿದರೂ ಹೊದಿಕೆ ಅತ್ತೆಯದೇ. ನನ್ನ ಮಗಳನ್ನು ನಾನು ಸುತ್ತಿಕೊಂಡು ಬಂದದ್ದೂ ಅವರು ಹೆಣೆದದ್ದರಲ್ಲೇ. ನನಗೆ ಕಡ್ಡಿ ಹಿಡಿಯುವುದನ್ನು ಕಲಿಸಿದವರೂ ಅವರೇ, ನಾನು ಹಾಕಿದ್ದನ್ನು ನೋಡಿ ಮೂಗು ಮುರಿದವರೂ ಅವರೇ. "ನಿಂದು ಬಿಗಿ ಕೈ. ಕಾಲೊರೆಸೋಕೆ ಚೆನ್ನಾಗಿರುತ್ತೆ," ಅಂದಿದ್ದರು. ಮೂವತ್ತು ವರ್ಷ ನಾನು ಹೆಣೆದದ್ದೆಲ್ಲ ಬಾಗಿಲ ಬುಡ ಸೇರಿತು.

ಹದಿನೈದು ಚೌಕ ಬೇಕಿತ್ತು. ಒಂಬತ್ತಾಗುವಷ್ಟರಲ್ಲಿ ಅತ್ತೆಯ ಬೆರಳುಗಳು ಊದಿಕೊಂಡು ಕಡ್ಡಿ ಹಿಡಿಯಲಾರದೆ ಹೋದವು. "ಉಳಿದ ಆರು ನೀನೇ ಹಾಕು," ಅಂದರು, ಯಾವತ್ತೂ ಯಾರನ್ನೂ ಏನೂ ಕೇಳದವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದಾಗ ನನಗೆ ನಿದ್ದೆ ಬರುತ್ತಿತ್ತು.

ಬಸ್ಸಿನಲ್ಲಿ, ಬಿಡುವಿನಲ್ಲಿ, ತೂಕಡಿಸುತ್ತ ಆರನ್ನೂ ಮುಗಿಸಿದೆ. ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಮಂಚದ ಮೇಲೆ ಜೋಡಿಸಿ ನೋಡಿದರೆ, ನನ್ನ ಚೌಕಗಳು ಅತ್ತೆಯವಕ್ಕಿಂತ ಎರಡು ಬೆರಳು ಚಿಕ್ಕವು. ಅದೇ ದಾರ, ಅದೇ ಕಡ್ಡಿ, ಅಷ್ಟೇ ಕುಣಿಕೆ. ಕೈ ಮಾತ್ರ ಬೇರೆ. ದಿನವೆಲ್ಲ ಇಸ್ತ್ರಿಪೆಟ್ಟಿಗೆ ಹಿಡಿದ ಕೈಗೆ ಸಡಿಲವಾಗು ಅಂದರೆ ಆಗುತ್ತದೆಯೇ? ಮಗಳು ಮಗುವಿನ ಜೊತೆ ಬರಲು ಎರಡೇ ವಾರವಿತ್ತು.

ನನ್ನ ಆರನ್ನು ಬಿಚ್ಚಿ ದೊಡ್ಡದಾಗಿ ಹಾಕಬೇಕು, ಇಲ್ಲವೇ ಅತ್ತೆಯ ಒಂಬತ್ತನ್ನು ಬಿಚ್ಚಿ ನಾನೇ ಹಾಕಬೇಕು. ಹೊಟ್ಟೆಕಿಚ್ಚು ಅನ್ನಿ, ಹಟ ಅನ್ನಿ, ಈ ಮನೆಯಲ್ಲಿ ಒಂದೇ ಒಂದು ಹೊದಿಕೆಯಾದರೂ ನನ್ನದು ಅನ್ನಿಸಿಕೊಳ್ಳಲಿ ಎಂಬ ಆಸೆ ನನಗಿತ್ತು. ಅತ್ತೆ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಅವರ ಒಂದು ಚೌಕದ ಗಂಟು ಬಿಡಿಸಿ ಎಳೆದೆ. ಸರಸರ ಬಿಚ್ಚಿಕೊಂಡು ಮಡಿಲು ತುಂಬಿತು.

ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ.

"ಬಿಚ್ಚಿದ್ಯಾ?"

"ಅಳತೆ ಕೂಡ್ಲಿಲ್ಲ ಅತ್ತೆ." ಕಳ್ಳಿಯ ಹಾಗೆ ಕೂತಿದ್ದೆ.

ಅವರು ಮಂಚದ ಮೇಲಿದ್ದುದನ್ನು ಒಂದೊಂದಾಗಿ ತಡವಿದರು. "ನಂದು ಜೋಲುತ್ತೆ. ಬೆರಳಲ್ಲಿ ದಾರಾನೇ ನಿಲ್ತಿರ್ಲಿಲ್ಲ, ನಾನು ಯಾರಿಗೂ ಹೇಳ್ಲಿಲ್ಲ. ನಿಂದೇ ಗಟ್ಟಿ. ಎಲ್ಲಾ ಬಿಚ್ಚು." ಆಮೇಲೆ ಪಕ್ಕದಲ್ಲಿ ಕೂತು, "ದಾರ ಕೊಡು, ಉಂಡೆ ಸುತ್ತೋದಾದ್ರೂ ಮಾಡ್ತೀನಿ," ಅಂದರು.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಅಳು ಬಂತು.

ಎರಡು ವಾರದಲ್ಲಿ ಎಂಟು ಚೌಕ ಹಾಕಿದೆ. ಒಂಬತ್ತನೆಯದನ್ನು ಬಿಚ್ಚಲು ಕೈ ಬರಲಿಲ್ಲ. ಅತ್ತೆಯ ಆ ಒಂದನ್ನು ಹಾಗೇ ನಟ್ಟನಡುವೆ ಸೇರಿಸಿ ಹೊಲಿದೆ. ಉಳಿದವಕ್ಕಿಂತ ದೊಡ್ಡದಾದ್ದರಿಂದ ಅದು ಉಬ್ಬಿ ನಿಂತಿತು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದರೂ ಬಗ್ಗಲಿಲ್ಲ. ಅತ್ತೆ ಯಾರಿಗೆ ಬಗ್ಗಿದ್ದರು?

ಮಗಳು ಬಂದವಳೇ ಹೊದಿಕೆ ಬಿಡಿಸಿ ನೋಡಿದಳು. "ಅಜ್ಜಿ, ನೀವು ಹಾಕಿದ್ದಾ?"

"ನಂದಲ್ಲ ಕಣೆ, ನಿಮ್ಮಮ್ಮಂದು," ಅಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

"ಮತ್ತೆ ಮಧ್ಯದಲ್ಲಿ ಇದೇನಮ್ಮಾ, ಉಬ್ಕೊಂಡಿದೆ?"

"ಅದು ನಿಮ್ಮಜ್ಜಿ," ಅಂದೆ.

ಅತ್ತೆ ನಕ್ಕುಬಿಟ್ಟರು. ಮಗುವನ್ನು ಮಲಗಿಸಿ, ಆ ಉಬ್ಬು ಸರಿಯಾಗಿ ಅದರ ಹೊಟ್ಟೆಯ ಮೇಲೆ ಬರುವ ಹಾಗೆ ಹೊದಿಸಿದರು. ಬೆರಳು ಮಡಚಲಾಗದೆ ಅಂಗೈಯಲ್ಲೇ ಎಳೆದರು, ಎಳೆದ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತರು.

ನಾನು ಗೋಡೆಗೊರಗಿ ಕಣ್ಣು ಮುಚ್ಚಿದೆ. ನಾಳೆ ಇದೂ ಕೊಳೆಯಾಗಿ ನನ್ನ ಮುಂದೆಯೇ ಬಂದು ಬೀಳುತ್ತದೆ ಎಂದು ಗೊತ್ತಿತ್ತು. ಬೀಳಲಿ.